ವೈನಿ ಮಾಡಿದ ಬೈಗುಳದ ಪೆಟ್ಟಿಗೆ

ನಮ್ಮ ವೈನಿಯ ಬಲಗೈ ಮೇಲೆ ಎರಡು ಥರದ ಸುಟ್ಟ ಕಲೆಗಳಿವೆ. ಮಣಿಕಟ್ಟಿನ ಹತ್ತಿರ ಗೆರೆ ಎಳೆದಂತೆ ಇರುವುದು ರೊಟ್ಟಿ ಹಂಚಿನ ಅಂಚು ತಾಗಿ ಆದದ್ದು. ಬೆರಳ ತುದಿಗಳಲ್ಲಿ ಸಾಸಿವೆ ಕಾಳಿನಷ್ಟು ಗುಂಡಗೆ ಇರುವುವು ಸೋಲ್ಡರಿಂಗ್ ಕಡ್ಡಿ ಕೊಟ್ಟ ಕಾಣಿಕೆ. ಎರಡಕ್ಕೂ ಹಚ್ಚುವ ಔಷಧ ಒಂದೇ, ಅರಿಷಿಣ ಕಲಸಿದ ತುಪ್ಪ. ಹೀಗಾಗಿ ಆಕೆಯ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಆಗಾಗ ಹಳದಿ ಗುರುತುಗಳು ಬಿದ್ದಿರುತ್ತವೆ. "ಅದೇನ್ರಿ ವೈನಿ, ಕಂಪ್ಯೂಟರಿಗೂ ಅರಿಷಿಣ ಹಚ್ಚೀರಿ, ಮದಿವಿ ಮಾಡವರೇನು?" ಎಂದು ನಾನು ಕಾಡಿಸುತ್ತೇನೆ. "ಮಾಡೂಣಂತ, ಮೊದಲ ವರಾ ನೋಡ್ರಿ" ಎನ್ನುತ್ತಾಳೆ, ಪರದೆಯಿಂದ ಕಣ್ಣು ಕೀಳದೆ.

ವೈನಿ ಅಂದರೆ ನಮ್ಮ ಅಣ್ಣನ ಹೆಂಡತಿ. ತವರುಮನೆ ಖಾದಿ ನೇಯುವ ಗರಗ. ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುವ ಕೆಲಸ. ವಾರಕ್ಕೆ ಒಂದೆರಡು ದಿನ ಬಸ್ಸು ಹತ್ತಿ ಹೋಗಿಬರುತ್ತಾಳೆ, ಉಳಿದ ದಿನ ಕೆಲಗೇರಿ ರಸ್ತೆಯ ನಮ್ಮ ಮನೆಯ ಒಳಕೋಣೆಯೇ ಆಕೆಯ ಆಫೀಸು. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಸಮಾಜ ಕಲಿಸುವಾಕಿ. ಮದುವೆ ಆಗಲಿಲ್ಲ, ಆಗಬೇಕು ಅಂತ ಅನಿಸಲೂ ಇಲ್ಲ, ಅವ್ವನ ಜೋಡಿ ಉಳಿದೆ. ನಾದಿನಿ-ವೈನಿ ಒಂದೇ ಸೂರಿನ ಕೆಳಗೆ ಇದ್ದರೆ ದಿನಾ ತಮಾಷೆ ನೋಡಬಹುದು ಎಂದು ಓಣಿಯವರು ಕಾದು ಕೂತಿದ್ದರು. ಪಾಪ, ಅವರಿಗೆ ನಿರಾಸೆಯಾಯಿತು. ನಮ್ಮ ಮನೆಯ ಜಗಳವೆಲ್ಲ ನನ್ನದೂ ಅವ್ವನದೂ.

ವೈನಿ ಓದುವುದನ್ನು ನೀವು ನೋಡಬೇಕು. ಪುಸ್ತಕ ಓದುವ ತೆಳ್ಳನೆಯ ಸ್ಲೇಟಿನಂಥದ್ದು ಒಂದಿದೆಯಲ್ಲ, ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಉಪ್ಪಿನ ಭರಣಿಗೆ ಆನಿಸಿ ನಿಲ್ಲಿಸುತ್ತಾಳೆ. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿ, ನೀರು ಸವರಿ, ಅದು ಉಬ್ಬುವ ತನಕ ಅರ್ಧ ಪುಟ. ಮಗ್ಗಲು ಹೊರಳಿಸಿ ಇನ್ನರ್ಧ ಪುಟ. ಹಿಟ್ಟಿನ ಕೈ ತಾಗಬಾರದೆಂದು ಕಿರುಬೆರಳಿನ ಗೆಣ್ಣಿನಿಂದ ಪುಟ ತಿರುವುತ್ತಾಳೆ. ಆಕೆಗೆ ಇಂಥದೇ ಓದಬೇಕು ಅಂತಿಲ್ಲ. ಕಂಪ್ಯೂಟರ್ ಭಾಷೆಯ ದಪ್ಪ ಗ್ರಂಥವೂ ಆದೀತು, ಕೊಲೆ-ಪತ್ತೇದಾರಿಯೂ ಆದೀತು, ಮಿಕ್ಸರಿನ ಜೊತೆ ಬಂದ ಸೂಚನೆಯ ಪುಸ್ತಕವೂ ಆದೀತು. ಮಾರ್ಕೆಟ್ಟಿನ ಹಳೇ ಪುಸ್ತಕದ ಅಂಗಡಿಯವನಿಗೆ ಆಕೆ ಎಂದರೆ ಪ್ರಾಣ. ಪರೀಕ್ಷೆ ಮುಗಿಸಿ ಊರು ಬಿಡುವ ಹುಡುಗರು ಮಾರಿಹೋದ ಪ್ರೋಗ್ರಾಮಿಂಗ್ ಪುಸ್ತಕಗಳನ್ನು ಆತ ಬೇರೆ ಯಾರಿಗೂ ತೋರಿಸದೆ ಎತ್ತಿಡುತ್ತಾನೆ.

ಒಂದು ವಿಚಿತ್ರ ಚಟ ಇದೆ ಆಕೆಗೆ. ಮನೆಗೆ ಏನೇ ಹೊಸ ಸಾಮಾನು ಬರಲಿ, ಅದರ ಪುಸ್ತಕವನ್ನು ಹಿಂದಿನಿಂದ ತೆಗೆಯುತ್ತಾಳೆ. ಕೊನೆಯಲ್ಲಿ 'ಕೆಟ್ಟರೆ ಏನು ಮಾಡಬೇಕು' ಎಂಬ ಪುಟ ಇರುತ್ತದಲ್ಲ, ಮೊದಲು ಅದು. ಹೊಸ ಫ್ಯಾನು ಪೆಟ್ಟಿಗೆಯಿಂದ ಹೊರಗೆ ಬರುವ ಮೊದಲೇ ಅದು ಯಾಕೆ ಕೆಡುತ್ತದೆ ಎಂದು ಓದುವುದು ಅಪಶಕುನ ಅಂತ ಅವ್ವ ಗೊಣಗುತ್ತಿದ್ದಳು. "ಎಲ್ಲಿ ಕೆಡತೈತಿ ಅಂತ ತಿಳದ್ರ ಸಾಕ್ರಿ ಅತ್ತಿ, ಹೆಂಗ ನಡೀತೈತಿ ಅನ್ನೂದು ತಾನ ತಿಳೀತೈತಿ" ಎನ್ನುವುದು ವೈನಿಯ ಉತ್ತರ. ಒಳಕೋಣೆಯ ಅಲಮಾರಿನಲ್ಲಿ ಸೀರೆ ಒಂದು ಅರೆಯಲ್ಲಿ, ಉಳಿದ ಅರೆಗಳಲ್ಲಿ ತಂತಿ, ಸತ್ತ ಫೋನು, ಅಂಗೈ ಅಗಲದ ಹಸಿರು ಬೋರ್ಡು, ಯಾವುದೋ ಆಟಿಕೆಯಿಂದ ಕಿತ್ತ ಮೋಟಾರು. ಅಣ್ಣ ಒಮ್ಮೆ ದೀಪಾವಳಿಗೆ ಮನೆಗೆ ಬಣ್ಣ ಬಳಿಯುವಾಗ ಇದನ್ನೆಲ್ಲ ಗುಜರಿಗೆ ಹಾಕೋಣ ಅಂದ. "ನಾ ಗರಗದಾಕಿ, ಎಳಿ ಹರದೈತಿ ಅಂತ ನೂಲ ಒಗಿಯೂ ಮಂದಿ ಅಲ್ಲ ನಾವು" ಎಂದಳು. ಅಣ್ಣ ಬಣ್ಣದ ಬ್ರಷ್ಷು ಹಿಡಿದುಕೊಂಡು ಹೊರಗೆ ಬಂದ.

ಆಫೀಸಿನ ಕೆಲಸ ಬೇರೆ, ಆಕೆಯ ಹವ್ಯಾಸದ ಕೆಲಸ ಬೇರೆ. ಆಫೀಸಿನದು ಏನು ಅಂತ ನಮಗೆ ಇವತ್ತಿಗೂ ತಿಳಿದಿಲ್ಲ. ಹವ್ಯಾಸದ್ದು ಮಾತ್ರ ಓಣಿಗೆಲ್ಲ ಗೊತ್ತು. ನಮ್ಮ ಕಡೆ ನಲ್ಲಿ ನೀರು ಬಂದಾಗಲೇ ಬಂತು. ಯಾವಾಗ ಬರುತ್ತದೆಂದು ಬಲ್ಲವರಿಲ್ಲ. ನಲ್ಲಿಯ ಬಾಯಿ ತೆಗೆದಿಟ್ಟು ಬುಸ್ ಎನ್ನುವ ಸದ್ದಿಗೆ ಕಿವಿ ಕೊಟ್ಟು ಮಲಗುವುದು ಹೆಂಗಸರ ಹಣೆಬರಹ. ವೈನಿ ನಲ್ಲಿಯ ಬಾಯಿಗೆ ಎರಡು ತಂತಿ ಕಟ್ಟಿ, ಹನಿ ಬಿದ್ದ ಕೂಡಲೇ ಓಣಿಯ ಎಲ್ಲ ಹೆಂಗಸರ ಫೋನಿಗೂ 'ನೀರು ಬಂದಾವ' ಎಂದು ಸುದ್ದಿ ಹೋಗುವ ಪ್ರೋಗ್ರಾಮು ಬರೆದಳು. ಭಾಳ ಛಲೋ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ವರ್ಷದ ಮೊದಲ ಮಳೆ ಧೋ ಎಂದು ಸುರಿಯಿತು. ತಂತಿಗೆ ಮಳೆಯ ನೀರು ಯಾವುದು, ನಲ್ಲಿಯ ನೀರು ಯಾವುದು ಎಂದು ಏನು ಗೊತ್ತು? ಓಣಿಗೆ ಓಣಿಯೇ ಕೊಡ ಹಿಡಿದು ಮಳೆಯಲ್ಲಿ ತೋಯಿಸಿಕೊಳ್ಳುತ್ತ ಹೊರಗೆ ಓಡಿತು. ಎಲ್ಲರೂ ವೈನಿಯನ್ನು ಹುಡುಕುತ್ತಿದ್ದಾಗ ಅವ್ವ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಏನ ಸುಳ್ಳ ಹೇಳೇತಿ ಅದು? ನೀರು ಬಂದಾವ ಅಂದೈತಿ, ಬಂದಾವ. ತುಂಬಕೋರಿ" ಎಂದು ಗದರಿಸಿ ಎಲ್ಲರನ್ನೂ ಮನೆಗೆ ಕಳಿಸಿದಳು.

ನಮ್ಮ ಅವ್ವನ ಬಾಯಿ ಅಂಥದ್ದು. ಆಕೆಗೆ ಪ್ರೀತಿ ಬಂದರೂ ಬೈಗುಳವೇ, ಸಿಟ್ಟು ಬಂದರೂ ಬೈಗುಳವೇ, ಎರಡರ ನಡುವಿನ ವ್ಯತ್ಯಾಸ ಮನೆಯವರಿಗೆ ಮಾತ್ರ ತಿಳಿಯುತ್ತಿತ್ತು. ಮುಂಜಾನೆ ನಾನು ಕಣ್ಣು ಬಿಡುವುದೇ ಆಕೆಯ ದನಿಗೆ. ಬೈಸಿಕೊಳ್ಳದೆ ಸಾಲಿಗೆ ಹೋದ ದಿನ ನನಗೆ ಚಹಾ ಕುಡಿದಂತೆಯೇ ಅನಿಸುತ್ತಿರಲಿಲ್ಲ. ಅಣ್ಣ ಆಕೆಗೆ ಫೋನು ಕೊಡಿಸಿದ ಮೇಲಂತೂ ಕೇಳಬೇಡಿ. ಅದರ ಸಣ್ಣ ಅಕ್ಷರ ಒತ್ತುವುದು ಆಕೆಗೆ ಆಗದ ಮಾತು. ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡಿದರೆ ದನಿಯೇ ಆ ಕಡೆ ಹೋಗುತ್ತದೆ ಎಂದು ವೈನಿ ಕಲಿಸಿಕೊಟ್ಟಳು. ಅಲ್ಲಿಂದ ಬೆಳಗಾವಿಯ ತಂಗಿಗೆ, ಹುಬ್ಬಳ್ಳಿಯ ಅಕ್ಕನ ಮಕ್ಕಳಿಗೆ, ಸಾಲಿಯಲ್ಲಿ ಪಾಠ ಮಾಡುತ್ತಿದ್ದ ನನಗೆ, ಅಂಗಡಿಯಲ್ಲಿದ್ದ ಅಣ್ಣನಿಗೆ ದಿನವಿಡೀ ಸಂದೇಶಗಳು. ನಡುವೆ ಕುಕ್ಕರಿನ ಸೀಟಿ. ನಡುವೆಯೇ ಬೆಕ್ಕಿಗೆ, ಹಾಲಿನವನಿಗೆ, ಮನೆಗೆ ಬಂದವರಿಗೆ ಒಂದೊಂದು ಬೈಗುಳ, ಕಾಯಿಪಲ್ಲೆ ಮಾರುವವಳ ಜೊತೆ ಒಂದು ವಾದ, ಮತ್ತೆ ನಮ್ಮ ಕಡೆಗೆ ತಿರುಗಿ, "ಹಾಂ, ಎಲ್ಲಿಗೆ ಬಂದಿತ್ತ ಮಾತು?"

ಆ ಬಾಯಿ ಒಂದು ದಿನ ನಿಂತುಹೋಯಿತು. ಮುಂಜಾನೆ ಚಹಾದ ಬಟ್ಟಲು ಕೈಯಿಂದ ಜಾರಿತು, ಬಲಗಡೆಯ ಮೈ ಸೋತಿತು. ದವಾಖಾನೆಯಿಂದ ಮನೆಗೆ ಬಂದಾಗ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಯುತ್ತಿದ್ದಳು, ಎಡಗೈ ಸರಿಯಾಗಿತ್ತು, ಆದರೆ ಬಾಯಿಂದ ಬರುತ್ತಿದ್ದುದು 'ಆಂ' ಎಂಬ ಒಂದೇ ಸದ್ದು. "ತಿಳಿವಳಿಕಿ ಎಲ್ಲಾ ಸರಿ ಐತ್ರಿ, ಮಾತು ಹೊರಗ ಬರೂ ದಾರಿ ಅಷ್ಟ ಮುಚ್ಚೈತಿ. ರೂಢಿ ಮಾಡಸ್ರಿ, ಒಂದೆರಡು ಮಾತು ಬಂದ್ರ ಬರಬಹುದು" ಎಂದರು ಡಾಕ್ಟರು. ಕನ್ನಡಿ ಮುಂದೆ ಕೂಡಿಸಿ 'ಅ' ಅನ್ನು, 'ಅಪ್ಪ' ಅನ್ನು ಎಂದು ನಾನು ಹೇಳಿಕೊಡಲು ಹೋದರೆ ಅವ್ವ ಮುಖ ತಿರುಗಿಸುತ್ತಿದ್ದಳು. ನನಗೆ ಅಕ್ಷರ ಕಲಿಸಿದಾಕೆಗೆ ನಾನು 'ಅ' ಕಲಿಸುವುದೇ?

ನೋಡಲು ಬಂದವರು ಆಕೆಯ ತಲೆಯ ಮೇಲಿಂದ ನಮ್ಮ ಜೊತೆ ಮಾತಾಡುತ್ತಿದ್ದರು. ಮೂಲೆ ಮನೆಯ ಅಕ್ಕೋರು, ಅವ್ವನ ಹಳೇ ಗೆಳತಿಯೇ, ಒಂದು ದಿನ ಎದುರಿಗೇ ಕೂತು, "ಪಾಪ, ಏನೂ ತಿಳಿಯಂಗಿಲ್ಲ ಬಿಡು ಇನ್ನ, ಕೂಸಿನಂಗ ಆತು ಜೀವ" ಎಂದುಬಿಟ್ಟರು. ಅವ್ವನ ಮುಖ ನೋಡಲು ನನಗೆ ಧೈರ್ಯ ಆಗಲಿಲ್ಲ. ಅಂದೇ ಅವ್ವ ಬಾಗಿಲ ಕಡೆ ಇದ್ದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸುವಂತೆ ಕೈಸನ್ನೆ ಮಾಡಿದಳು. ಊಟ ಕಡಿಮೆಯಾಯಿತು. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಸದ್ದೇ ಇಲ್ಲ. ಅವ್ವ ಬದುಕಿದ್ದಾಳೆ, ಆದರೆ ನಮ್ಮ ನಡುವೆ ಇಲ್ಲ. ಹೀಗೇ ಮಾತಿಲ್ಲದೆ ಗೋಡೆ ನೋಡುತ್ತ ಹೋಗಿಬಿಟ್ಟರೆ ಏನು ಗತಿ ಎಂಬುದೇ ನನ್ನ ಚಿಂತೆ.

ವೈನಿ ಯಾರಿಗೂ ಏನೂ ಹೇಳದೆ ಅಲಮಾರಿನ ಮುಂದೆ ಕೂತಳು. ಭಾನುವಾರಗಳೆಲ್ಲ ಅದಕ್ಕೇ ಹೋದವು. ಊಟದ ಡಬ್ಬಿಯ ಗಾತ್ರದ ಒಂದು ಪೆಟ್ಟಿಗೆ ತಯಾರಾಯಿತು. ಮೇಲೆ ಬಿಲ್ಲೆಯಂಥ ದೊಡ್ಡ ಗುಂಡಿಗಳು, ಒಂದೊಂದರ ಮೇಲೆ ಒಂದೊಂದು ಚಿತ್ರ. ನೀರಿನ ಲೋಟ, ಅನ್ನದ ತಾಟು, ಬಚ್ಚಲು, ಹಾಸಿಗೆ, ಫ್ಯಾನು. ಒತ್ತಿದರೆ ಒಳಗಿನಿಂದ ವಾರ್ತೆ ಓದುವ ಹೆಂಗಸಿನ ಥರ ಒಂದು ದನಿ, 'ನನಗೆ ನೀರು ಬೇಕು' ಎನ್ನುತ್ತಿತ್ತು. ನಾವೆಲ್ಲ ಸುತ್ತ ನಿಂತೆವು. ಅವ್ವ ಎಡಗೈಯಿಂದ ಲೋಟದ ಗುಂಡಿ ಒತ್ತಿದಳು. ಪೆಟ್ಟಿಗೆ ಮಾತಾಡಿತು. ಅಣ್ಣ ಓಡಿಹೋಗಿ ನೀರು ತಂದ. ಅವ್ವ ಕುಡಿಯಲಿಲ್ಲ. ಮರುದಿನ ನೋಡಿದರೆ ಪೆಟ್ಟಿಗೆಯ ಮೇಲೆ ಟಾವೆಲು ಮುಚ್ಚಿತ್ತು. ತೆಗೆದಿಟ್ಟೆವು. ಅದರ ಮರುದಿನ ಅದು ನೆಲಕ್ಕೆ ಬಿದ್ದಿತ್ತು. ಬಿದ್ದದ್ದಲ್ಲ, ದೂಡಿದ್ದು.

"ಇಷ್ಟ ದಿನ ಕಣ್ಣ ಕೆಡಿಸ್ಕೊಂಡ ಮಾಡ್ಯಾಳ, ಏನರ ಬೆಲಿ ಐತೇನ ನಿನಗ?" ಎಂದು ಅಣ್ಣ ಅವ್ವನ ಮೇಲೆ ರೇಗಿದ. ವೈನಿ ಅವನ ತೋಳು ಹಿಡಿದು ಸರಿಸಿದಳು. "ಆಕಿಗ್ಯಾಕ ಬೈತೀರಿ? ಎಲ್ಲಿ ಕೆಟ್ಟೈತಿ ಅಂತ ನಮಗ ತೋರಿಸ್ಯಾರ ಅತ್ತಿ" ಎಂದು ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು. ನಾನಾಗಿದ್ದರೆ ಮೂರು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದೆ. ಖರೇ ಹೇಳುತ್ತೇನೆ, ಆಕೆಯ ಈ ಗುಣ ಕಂಡರೆ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ.

ಆ ಸಂಜೆ ಕೆಲಗೇರಿ ಕೆರೆಯ ದಂಡೆಯ ಮೇಲೆ ನಾನೂ ವೈನಿಯೂ ತಿರುಗಾಡಲು ಹೋಗಿದ್ದೆವು. ಆಕೆ ಫಕ್ಕನೆ ಕೇಳಿದಳು, "ಅತ್ತಿ ಮುಂಜಾನೆ ಎದ್ದ ಕೂಡ್ಲೆ ಮೊದಲ ಏನ ಮಾತಾಡತಿದ್ರು?"

"ಮಾತೇನು, ನನಗ ಬೈತಿದ್ಲು."

"ಏನಂತ?"

"ಏ ಹುಚ್ಚಿ, ಇನ್ನೂ ಬಿದ್ಕೊಂಡೀಯೇನ, ಸೂರ್ಯಾ ನೆತ್ತಿಗೆ ಬಂದಾನ ಅಂತ."

"ಆಮ್ಯಾಲೆ?"

"ಆಮ್ಯಾಲೆ ಹಾಲಿನವಗ. ಹಾಲಾಗ ನೀರ ಹಾಕೀಯೋ, ನೀರಾಗ ಹಾಲ ಹಾಕೀಯೋ ಅಂತ."

"ಒಂದ ದಿನಾನರ 'ನನಗ ನೀರ ಕೊಡ್ರಿ' ಅಂದದ್ದ ಕೇಳೀರೇನು?"

ನಾನು ನಿಂತು ಯೋಚಿಸಿದೆ. ಇಲ್ಲ. ನೀರು ಬೇಕಾದರೆ ತಾನೇ ಎದ್ದು ಹೋಗಿ ಕುಡಿಯುತ್ತಿದ್ದಳು. ಕುಡಿದು, ನಿಮಗೂ ಬೇಕೇನು ಎಂದು ಕೇಳುತ್ತಿದ್ದಳು.

ವೈನಿ ಕೆರೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. "ಜೀವನಪೂರ್ತಿ ಮಂದಿಗೆ ಉಣಿಸಿದಾಕಿ. ಅಂಥಾಕಿ ಕೈಯಾಗ ನಾ ಬೇಡೂ ಮಾತ ಅಷ್ಟ ಕೊಟ್ಟೆ ನೋಡ್ರಿ. ನೀರ ಬೇಡು, ಅನ್ನ ಬೇಡು, ಬಚ್ಚಲಕ್ಕ ಕರಕೊಂಡ ಹೋಗಂತ ಬೇಡು. ನೆಲಕ್ಕ ಒಗದದ್ದು ಛಲೋ ಆತು. ನನ್ನ ತಲಿಗೆ ಒಗೀಬೇಕಿತ್ತು" ಎಂದಳು. ಅಳುತ್ತಿದ್ದಾಳೋ ಎಂದು ನೋಡಿದೆ. ಅಳುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು.

ಮನೆಗೆ ಬಂದವಳೇ ನನ್ನ ಫೋನು ಕೇಳಿದಳು, ಅಣ್ಣನದು ಕೇಳಿದಳು, ಬೆಳಗಾವಿಗೆ, ಹುಬ್ಬಳ್ಳಿಗೆ ಫೋನು ಹಚ್ಚಿದಳು. ಅವ್ವ ಕಳಿಸಿದ ಹಳೇ ದನಿ ಸಂದೇಶ ಯಾರ ಹತ್ತಿರ ಏನಿದ್ದರೂ ಕಳಿಸಿ ಎಂದು. ನಮ್ಮವರು ಸೋಮಾರಿಗಳು, ಯಾರೂ ಏನನ್ನೂ ಅಳಿಸಿರಲಿಲ್ಲ. ರಾಶಿ ಬಂದು ಬಿತ್ತು. ಆಮೇಲೆ ಎಷ್ಟೋ ದಿನ ವೈನಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ರೊಟ್ಟಿ ಬಡಿದಳು. ಉಪ್ಪಿನ ಭರಣಿಗೆ ಆನಿಸಿದ್ದ ಸ್ಲೇಟು ಆರಿತ್ತು. ಒಬ್ಬಳೇ ನಗುತ್ತಿದ್ದಳು, ಒಮ್ಮೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವ್ವನ ಬೈಗುಳಗಳನ್ನು ಒಂದೊಂದಾಗಿ ಬಿಡಿಸಿ, ಕತ್ತರಿಸಿ, ಯಾರಿಗೆ ಯಾವುದು ಎಂದು ವಿಂಗಡಿಸಿದಳು. ಕುಕ್ಕರಿನ ಸೀಟಿ ತೆಗೆದುಹಾಕಬಹುದಿತ್ತಂತೆ, ತೆಗೆಯಲಿಲ್ಲ. "ಸೀಟಿ ಇಲ್ಲದ ಅತ್ತಿ ಮಾತ ಎಲ್ಲಿ ಕೇಳೀರಿ ನೀವು?" ಎಂದಳು.

ಗುಂಡಿಗಳ ಮೇಲೆ ಈಗ ಲೋಟ-ತಾಟಿನ ಬದಲು ನಮ್ಮ ಫೋಟೋಗಳು ಬಂದವು. ನಾನು, ಅಣ್ಣ, ಹಾಲಿನವ, ಕಾಯಿಪಲ್ಲೆಯವಳು, ಬೆಕ್ಕು. ಮನೆಗೆ ಬಂದವರಿಗಾಗಿ ಒಂದು ಗುಂಡಿ. ಒಂದೇ ಮಾತು ತಿರುಗಿ ಬಂದರೆ ಬೇಸರ ಎಂದು ಪ್ರತಿ ಸಲ ಒತ್ತಿದಾಗ ಬೇರೆ ಮಾತು ಬರುವಂತೆ ಬರೆದಿದ್ದಳು. ಬೆರಳು ಮುಟ್ಟಿ ತೆಗೆದರೆ ಸಣ್ಣ ಬೈಗುಳ, ಒತ್ತಿ ಹಿಡಿದರೆ ಖಾರ ಜಾಸ್ತಿ.

ಪೆಟ್ಟಿಗೆಯನ್ನು ಅವ್ವನ ತೊಡೆಯ ಮೇಲೆ ಇಟ್ಟಾಗ ಆಕೆ ಅದನ್ನು ನೋಡಲೂ ಇಲ್ಲ. ವೈನಿ ಕಾಲ ಬಳಿ ಕೂತು, "ಅತ್ತಿ, ಒಮ್ಮೆ ಅಷ್ಟ. ಛಲೋ ಅನಸಲಿಲ್ಲಂದ್ರ ನಾನ ಒಡದ ಹಾಕತೇನಿ" ಎಂದಳು. ಅವ್ವನ ಬೆರಳು ಹೋಗಿ ನನ್ನ ಫೋಟೋದ ಮೇಲೆ ಕೂತಿತು.

"ಏ ಹುಚ್ಚಿ! ಎಲ್ಲಿ ಸತ್ತೀ? ಲಗೂ ಮನಿಗೆ ಬಾ, ಅವಲಕ್ಕಿ ತಣ್ಣಗಾಕತ್ತೈತಿ!" ಹಿಂದಿನಿಂದ ಕುಕ್ಕರು ಸೀಟಿ ಹೊಡೆಯಿತು.

ಅವ್ವ ಬೆಚ್ಚಿ ಸುತ್ತ ನೋಡಿದಳು. ಎಡಗೈ ತನ್ನ ಗಂಟಲಿಗೆ ಹೋಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಹೋ ಎಂದು ಅತ್ತೆ, ನಾಚಿಕೆ ಇಲ್ಲದೆ, ಸಾಲಿಯ ಹುಡುಗಿಯರ ಹಾಗೆ. ಅವ್ವ ನನ್ನನ್ನು ನೋಡಿ, ಮತ್ತೆ ಒತ್ತಿದಳು. ಈ ಸಲ ಒತ್ತಿ ಹಿಡಿದಳು. ಅದರಲ್ಲಿ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ದವಾಖಾನೆಯಿಂದ ಬಂದ ಮೇಲೆ ಮೊದಲ ಬಾರಿ ಅವ್ವ ನಕ್ಕಳು, ಅರ್ಧ ಬಾಯಿ ಸೊಟ್ಟಗೆ, ಮೈ ಕುಲುಕುವ ಹಾಗೆ.

ಮರುದಿನವೇ ಕುರ್ಚಿ ಬಾಗಿಲ ಕಡೆ ತಿರುಗಿತು. ಕಾಯಿಪಲ್ಲೆಯವಳು ಬದನೆಕಾಯಿಯ ದರ ಹೇಳಿದ ಕೂಡಲೇ ಒಳಗಿನಿಂದ, "ಬದನಿಕಾಯಿ ಮಾರಾಕತ್ತೀಯೋ ಬಂಗಾರ ಮಾರಾಕತ್ತೀಯೋ?" ಎಂಬ ದನಿ ಬಂತು. ಆ ಹೆಂಗಸು ಬುಟ್ಟಿ ಅಲ್ಲೇ ಇಟ್ಟು, "ಯವ್ವಾ, ಆರಾಮ ಆತೇನಬೇ?" ಎನ್ನುತ್ತ ಒಳಗೆ ಓಡಿಬಂದು ಅವ್ವನ ಗಲ್ಲ ಹಿಡಿದಳು. ಮೂಲೆ ಮನೆಯ ಅಕ್ಕೋರು ಬಂದವರು ರೂಢಿಯಂತೆ ನಮ್ಮ ಜೊತೆ, "ಪಾಪ, ಹೆಂಗಿದ್ದಾಕಿ ಹೆಂಗಾದ್ಲು" ಎಂದು ಸುರುಮಾಡಿದರು. ಅವ್ವ ಶಾಂತವಾಗಿ ಗುಂಡಿ ಹುಡುಕಿ ಒತ್ತಿ ಹಿಡಿದಳು. "ಸುಮ್ಕ ಕುಂದ್ರ, ಎಷ್ಟ ಮಾತಾಡತೀ! ಚಹಾ ಕುಡಿ ಮೊದಲ!" ಅಕ್ಕೋರ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಅವರು ಕುರ್ಚಿ ಎಳೆದುಕೊಂಡು ಅವ್ವನ ಎದುರಿಗೆ ಕೂತರು, ಅವ್ವನ ಜೊತೆಗೇ ಮಾತಾಡಿದರು. ವೈನಿ ಒಳಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಳು. ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದುದನ್ನು ಆ ಕಡೆಯವರು ಕ್ಯಾಮೆರಾದಲ್ಲಿ ನೋಡಿರಬೇಕು.

ಇನ್ನೊಂದು ಗಮನಿಸಿದೆ. ಗುಂಡಿ ಒತ್ತಿದಾಗಲೆಲ್ಲ ಅವ್ವನ ತುಟಿಗಳೂ ಅಲುಗುತ್ತಿದ್ದವು. ಪೆಟ್ಟಿಗೆಯ ಜೊತೆ ತಾನೂ ಬೈಯಲು ನೋಡುತ್ತಿದ್ದಳು. ಕನ್ನಡಿಯ ಮುಂದೆ ನಾನು ಮಾಡಿಸಲಾಗದ ರೂಢಿ ತಾನಾಗಿಯೇ ಆಗುತ್ತಿತ್ತು.

ಹೀಗೆ ಕೆಲವು ವಾರ ನಡೆದಿರಬೇಕು. ಒಂದು ರವಿವಾರ ಅವ್ವ ಗುಂಡಿಗಳನ್ನು ಸುಮ್ಮಸುಮ್ಮನೆ ಒಂದಾದ ಮೇಲೊಂದು ಒತ್ತತೊಡಗಿದಳು. ನಾನು ಹೋದೆ, ಕೈಯಿಂದ ಬೇಡ ಎಂದಳು. ಅಣ್ಣ ಬಂದ, ಅವನೂ ಬೇಡ. ಪೆಟ್ಟಿಗೆಯನ್ನು ತಿರುಗಿಸಿ ಅಡಿಯಲ್ಲಿ ನೋಡಿದಳು, ಮಗ್ಗಲು ನೋಡಿದಳು. ತಲೆ ಕೊಡವಿದಳು. ಪೆಟ್ಟಿಗೆ ಕೆಟ್ಟಿತೆಂದು ನಾವು ವೈನಿಯನ್ನು ಕೂಗಿದೆವು. ಆಕೆ ಬಂದು ಸ್ವಲ್ಪ ಹೊತ್ತು ನೋಡಿ, "ಕೆಟ್ಟಿಲ್ಲರಿ. ನನ್ನ ಹುಡಕಾಕತ್ತಾರ" ಎಂದಳು.

ಆಗ ನಮಗೆ ಹೊಳೆಯಿತು. ಬೆಕ್ಕಿಗೂ ಒಂದು ಗುಂಡಿ ಇತ್ತು. ಪೆಟ್ಟಿಗೆ ಮಾಡಿದಾಕೆಗೆ ಇರಲಿಲ್ಲ.

"ಯಾಕ್ರಿ ವೈನಿ, ನಿಮ್ಮದೊಂದು ಹಾಕೋಬಾರದಾಗಿತ್ತೇನು?" ಎಂದೆ.

"ಎಲ್ಲಿಂದ ತರಲಿ? ಒಂದ ಮನ್ಯಾಗ ಇದ್ದವರಿಗೆ ಯಾರರ ಫೋನಿನ್ಯಾಗ ಮಾತ ಕಳಸ್ತಾರೇನು? ಅಡಿಗಿಮನ್ಯಾಗಿಂದ ಒದರಿದ್ರ ಮುಗೀತು. ಹುಬ್ಬಳ್ಳಿಗೆ ಹೋದ ದಿನ ಆಫೀಸಿನ ಕೆಲಸಾ ಕೆಡತೈತಂತ ನನಗ ಏನೂ ಕಳಸತಿರಲಿಲ್ಲ. ನನ್ನ ಬಗ್ಗೆ ನಿಮ್ಮ ಮುಂದ ಹೇಳಿದ್ದು ಬೇಕಾದಷ್ಟ ಅದಾವು, ಎಲ್ಲಾ ಕೇಳೇನಿ" ಎಂದು ನಕ್ಕಳು. "ನನ್ನ ಕರದದ್ದು ಮಾತ್ರ ಒಂದೂ ಸಿಗಲಿಲ್ಲ. ಭಾಳ ಹುಡಕಿದೆ."

ಆ 'ಭಾಳ ಹುಡಕಿದೆ' ಅನ್ನುವಾಗ ದನಿ ಒಂಚೂರು ಇಳಿಯಿತು.

ಅಣ್ಣ ಒಂದು ಉಪಾಯ ಹೇಳಿದ. ಈಗ ಒಬ್ಬರ ದನಿಯನ್ನು ಸ್ವಲ್ಪ ಕೇಳಿಸಿದರೆ ಸಾಕು, ಕಂಪ್ಯೂಟರು ಅದೇ ದನಿಯಲ್ಲಿ ಬೇಕಾದ ಮಾತು ಆಡುತ್ತದಂತೆ. ನಿನಗೆ ಅದು ಎಡಗೈ ಕೆಲಸ, ಮಾಡಿಬಿಡು ಎಂದ. ವೈನಿಗೆ ಅದು ಬರುತ್ತಿತ್ತು, ನನಗೆ ಗೊತ್ತು, ಆ ವಿಷಯದ ಪುಸ್ತಕವನ್ನೇ ಕೆಲವು ದಿನ ಉಪ್ಪಿನ ಭರಣಿಗೆ ಆನಿಸಿಟ್ಟು ಓದಿದ್ದಳು. ಆದರೆ ಖಂಡತುಂಡವಾಗಿ ಒಲ್ಲೆ ಎಂದಳು. "ಇದರಾಗ ಇರೂದೆಲ್ಲಾ ಅತ್ತಿ ಖರೇನ ಆಡಿದ್ದು. ಆಕಿ ಆಡದ ಮಾತ ನಾ ಆಕಿ ಬಾಯಾಗ ಇಡಂಗಿಲ್ಲ. ಅದೂ ನನ್ನ ಸಲುವಾಗಿ? ಬ್ಯಾಡ್ರಿ."

ಹಾಗಂತ ಸುಮ್ಮನೆ ಬಿಡಲಿಲ್ಲ. ತನ್ನ ಫೋಟೋದ ಗುಂಡಿ ಒಂದನ್ನು ಕೂಡಿಸಿದಳು. ಒತ್ತಿದರೆ ಮಾತಿಲ್ಲ, 'ಟಿಣ್' ಎಂದು ಗಂಟೆ. ಅವ್ವ ಗಂಟೆ ಹೊಡೆಯುತ್ತಿದ್ದಳು, ವೈನಿ ಬರುತ್ತಿದ್ದಳು. ಆದರೆ ಪ್ರತಿ ಸಲವೂ ಅವ್ವನ ಮುಖ ಹುಳ್ಳಗಾಗುತ್ತಿತ್ತು. ಹಾಲಿನವನಿಗೆ ಬಾಯಿ ತುಂಬ ಬೈದು, ಮನೆಯ ಸೊಸೆಯನ್ನು ಗಂಟೆ ಹೊಡೆದು ಕರೆಯುವುದು ಆಕೆಗೆ ಸರಿ ಬರಲಿಲ್ಲ ಎಂದು ಕಾಣುತ್ತದೆ.

ಸೋಮವಾರವೋ ಮಂಗಳವಾರವೋ, ನಾನು ಸಾಲಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ವೈನಿ ಒಳಗೆ ರೊಟ್ಟಿ ಮಾಡುತ್ತಿದ್ದಳು. ಟಿಣ್ ಎಂದಿತು. "ಬಂದೆ ಅತ್ತಿ, ರೊಟ್ಟಿ ಹಂಚಿನ ಮ್ಯಾಲೈತಿ" ಎಂದಳು. ಮತ್ತೆ ಟಿಣ್. "ಬಂದೇರಿ." ಅವ್ವ ಪೆಟ್ಟಿಗೆಯನ್ನು ತೊಡೆಯಿಂದ ಎತ್ತಿ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ಎಡಗೈಯಿಂದ ಕುರ್ಚಿಯ ಹಿಡಿ ಹಿಡಿದುಕೊಂಡಳು. ಕುತ್ತಿಗೆಯ ನರ ಉಬ್ಬಿತು. ಏನೋ ಆಗುತ್ತಿದೆ ಎಂದು ನಾನು ಗಾಬರಿಯಿಂದ ಹತ್ತಿರ ಹೋದೆ. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಯ... ಯ... ಯವ್ವಾ!"

ಅವ್ವ ವೈನಿಯನ್ನು ಕರೆಯುತ್ತಿದ್ದದ್ದೇ ಹಾಗೆ, ದೊಡ್ಡವರು ಮಗಳನ್ನು ಮುದ್ದಿಗೆ ಕರೆದಂತೆ, ಸೊಸೆಯಾಗಿ ಹೊಸ್ತಿಲು ದಾಟಿದ ದಿನದಿಂದ. ನಾನು ಹುಚ್ಚಿ, ಅಣ್ಣ ದಡ್ಡ, ವೈನಿ ಮಾತ್ರ ಯವ್ವಾ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ವೈನಿ ಹೊರಗೆ ಬಂದಳು, ಮೊಣಕೈ ತನಕ ಹಿಟ್ಟು. ಯಾರು ಕರೆದರು ಎಂದು ನನ್ನ ಮುಖ ನೋಡಿದಳು. ನಾನು ಅವ್ವನ ಕಡೆ ಕೈ ಮಾಡಿದೆ. ಅವ್ವ ಇನ್ನೊಮ್ಮೆ ಉಸಿರು ಕಟ್ಟಿ, ಈ ಸಲ ಸ್ವಲ್ಪ ಸಲೀಸಾಗಿ, "ಯವ್ವಾ" ಎಂದಳು. ಏನೂ ಬೇಕಾಗಿರಲಿಲ್ಲ ಆಕೆಗೆ. ಸುಮ್ಮನೆ ಕರೆದಿದ್ದಳು.

"ಹಾಂ ಅತ್ತಿ" ಎಂದಳು ವೈನಿ. ಅಷ್ಟೇ ಎಂದಳು. ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುವ ಹೆಂಗಸು, ಹಿಟ್ಟಿನ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಎತ್ತಿ ಹಿಡಿದುಕೊಂಡೇ ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಅವ್ವ ಮೂಗು ಅರಳಿಸಿ, ಒಳಗೆ ಕೈ ತೋರಿಸಿ, 'ಆಂ! ಆಂ!' ಎಂದು ಗದರಿದಳು. ಯಾರೂ ಏಳಲಿಲ್ಲ.

ಸಂಜೆ ವೈನಿ ತನ್ನ ಫೋಟೋದ ಗುಂಡಿಯನ್ನು ಬಿಚ್ಚಿ, ತೂತಿಗೆ ಟೇಪು ಅಂಟಿಸಿದಳು. ಆಮೇಲೆ ಅವ್ವನಿಗೆ ಬಂದದ್ದು ಇನ್ನೊಂದೆರಡು ಮಾತು ಮಾತ್ರ. ನಮಗೆಲ್ಲ ಪೆಟ್ಟಿಗೆಯೇ. ವೈನಿಯನ್ನು ಮಾತ್ರ ಬಾಯಿಂದ ಕರೆಯುತ್ತಿದ್ದಳು.

ಹೋದ ವರ್ಷ ಅವ್ವ 'ಹೊರಟೆ' ಎಂದೂ ಹೇಳದೆ ಮಧ್ಯಾಹ್ನದ ನಿದ್ದೆಯಲ್ಲಿ ಹೋದಳು. ಅಂದು ಮುಂಜಾನೆಯೂ ನನಗೆ ಬೈದಿದ್ದಳು, ತಲೆ ಬಾಚದೆ ಸಾಲಿಗೆ ಹೊರಟೆ ಎಂದು, ಒತ್ತಿ ಹಿಡಿದು, ಕುಕ್ಕರಿನ ಸೀಟಿಯ ಸಮೇತ. ನಾನೂ ತಿರುಗಿ ಅಂದಿದ್ದೆ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ನನ್ನ ಅವ್ವ ಓಣಿಯ ಕಡೆ ಮುಖ ಮಾಡಿ, ಜಗಳವಾಡುತ್ತ ಹೋದಳು. ಅದನ್ನು ನನಗೆ ಕೊಟ್ಟದ್ದು ನಮ್ಮ ವೈನಿ. ಈ ಋಣ ತೀರಿಸುವಂಥದ್ದು ಅಲ್ಲ, ತೀರಿಸುವ ಮಾತು ತೆಗೆದರೆ ಆಕೆ ಕೇಳಿಸಿಕೊಳ್ಳುವುದೂ ಇಲ್ಲ.

ನಾನು ಮಾಡುವುದು ಇಷ್ಟೇ. ಮುಂಜಾನೆ ಸಾಲಿಗೆ ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೇಕಿರಲಿ ಬೇಡದಿರಲಿ, "ಯವ್ವಾ" ಎಂದು ಒಮ್ಮೆ ಕೂಗುತ್ತೇನೆ. ನನಗಿಂತ ದೊಡ್ಡಾಕಿಯನ್ನು ಹಾಗೆ ಕರೆಯುವ ಹಕ್ಕು ನನಗಿಲ್ಲ. ಮೊದಲ ಸಲ ಕರೆದಾಗ ವೈನಿಯ ಕೈ ಹಿಟ್ಟಿನಲ್ಲಿಯೇ ನಿಂತಿತ್ತು. ಈಗ ರೂಢಿಯಾಗಿದೆ. ಬೆನ್ನು ತಿರುಗಿಸದೆಯೇ "ಹಾಂ" ಎನ್ನುತ್ತಾಳೆ.